ತಪ್ಪುಕಾಣಿಕೆ ಹಾಕಿದ ಮೇಲೆ

ಏಳು ವರ್ಷಗಳ ಹಿಂದೆ, ಆಟಿ ತಿಂಗಳ ಮಳೆ ಹಿಡಿದಿದ್ದ ಒಂದು ಸಂಜೆ, ಬೀಡಿ ಕಟ್ಟಿ ಸಂಸಾರ ನಡೆಸುವ ಒಬ್ಬ ತಾಯಿ ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಮನೆಗೆ ಬಂದು, ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳದೆ, “ಮಾಷ್ಟ್ರೇ, ನಿಮ್ಮಲ್ಲಿ ಆರ್‌ಟಿಸಿ ಉಂಟಾ?” ಎಂದು ಕೇಳಿದರು. ಅವರ ಮಗ ನನ್ನ ವಿದ್ಯಾರ್ಥಿಯಾಗಿದ್ದವನು. ಬಾಯಿಲೆಕ್ಕದಲ್ಲಿ ಚುರುಕು, ಬರೆಯುವುದರಲ್ಲಿ ಸೋಮಾರಿ. ಎಸ್ಸೆಸ್ಸೆಲ್ಸಿ ಮುಗಿಸಿ ಬಂದರಿನ ಒಂದು ಸಗಟು ದಿನಸಿ ಅಂಗಡಿಗೆ ಸೇರಿದವನು 19ನೆಯ ವಯಸ್ಸಿನಲ್ಲಿ ಧಣಿಯ ಗಲ್ಲಾಪೆಟ್ಟಿಗೆಯಿಂದ ಮೂರು ಸಲ ಕೈಹಾಕಿ ಒಟ್ಟು 14 ಸಾವಿರ ರೂಪಾಯಿ ತೆಗೆದಿದ್ದ. ನ್ಯಾಯಾಲಯ ಅವನಿಗೆ ಜಾಮೀನು ಕೊಟ್ಟು ಆಗಲೇ ಒಂಬತ್ತು ದಿನಗಳಾಗಿದ್ದವು. ಆದರೆ 50 ಸಾವಿರದ ಬಾಂಡಿಗೆ ಒಬ್ಬ ಜಾಮೀನುದಾರ ಬೇಕು, ಆ ಜಾಮೀನುದಾರನ ಹೆಸರಿನಲ್ಲಿ ಜಾಗದ ಪಹಣಿ, ಅಂದರೆ ಆರ್‌ಟಿಸಿ ಇರಬೇಕು. ಐದು ಸೆಂಟ್ಸ್ ಜಾಗದ ಹಕ್ಕುಪತ್ರಕ್ಕಾಗಿ ಇನ್ನೂ ಕಾಯುತ್ತಿದ್ದ ಆ ಕುಟುಂಬದ ಇಡೀ ಬಳಗದಲ್ಲಿ ಅಂಥ ಒಂದು ಕಾಗದ ಇರಲಿಲ್ಲ.

ನನ್ನಲ್ಲಿಯೂ ಇರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಬ್ರಹ್ಮಾವರದ ಕಡೆಯ ನಮ್ಮ ಪಿತ್ರಾರ್ಜಿತ ಗದ್ದೆಯ ಆರ್‌ಟಿಸಿಯಲ್ಲಿ ಇಬ್ಬರು ಅಣ್ಣಂದಿರ ಹೆಸರಿನ ಜೊತೆ ನನ್ನ ಹೆಸರೂ ಇದೆ. ದೊಡ್ಡಣ್ಣನಿಗೆ ಫೋನ್ ಮಾಡಿದಾಗ, “ಕಳ್ಳರಿಗೆ ಜಾಮೀನು ನಿಲ್ಲಲಿಕ್ಕೆ ಅಪ್ಪ ಜಾಗ ಬಿಟ್ಟು ಹೋದದ್ದಾ?” ಎಂಬ ಒಂದೇ ಪ್ರಶ್ನೆಯಲ್ಲಿ ಆ ಬಾಗಿಲು ಮುಚ್ಚಿತು. ಕೊನೆಗೆ ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾಗಿದ್ದ, ಮೂಡುಬಿದಿರೆ ಕಡೆಯ ಒಬ್ಬ ಡ್ರಿಲ್ ಮಾಸ್ತರರು, ಹುಡುಗನ ಮುಖವನ್ನೂ ನೋಡದೆ, ತಮ್ಮ ಅಡಿಕೆ ತೋಟದ ಆರ್‌ಟಿಸಿ ಮತ್ತು ತೆರಿಗೆ ರಶೀದಿ ಹಿಡಿದು ಬಂದು ಸಹಿ ಹಾಕಿದರು. ಅಷ್ಟರಲ್ಲಿ ಜಾಮೀನು ಮಂಜೂರಾಗಿ 26 ದಿನಗಳು ಕಳೆದಿದ್ದವು. ಆ 26 ದಿನಗಳನ್ನು ಹುಡುಗ ಕೊಡಿಯಾಲಬೈಲಿನ ಜೈಲಿನಲ್ಲಿ ಕಳೆದದ್ದು ತಾನು ಮಾಡಿದ ಕಳ್ಳತನಕ್ಕಾಗಿ ಅಲ್ಲ, ಊರಿನಲ್ಲಿ ತನ್ನ ಪರವಾಗಿ ನಿಲ್ಲಬಲ್ಲ ಒಬ್ಬ ಮನುಷ್ಯ ಇಲ್ಲದ್ದಕ್ಕಾಗಿ.

ಅಪರಾಧ ಮಾಡಿದವರು ಮತ್ತೆ ಅಪರಾಧ ಮಾಡದಂತೆ ತಡೆಯುವುದರಲ್ಲಿ ಸಾರ್ವಜನಿಕರ ಪಾತ್ರ ಏನು ಎಂಬ ಪ್ರಶ್ನೆ ಎದ್ದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಆರ್‌ಟಿಸಿಯೇ. ಆಮೇಲೆ ನಾನು ಅರೆ ಕಾನೂನು ಸ್ವಯಂಸೇವಕನಾಗಿ (ಪ್ಯಾರಾ ಲೀಗಲ್ ವಾಲಂಟಿಯರ್) ತರಬೇತಿ ಪಡೆದು ಇಂಥ ಹಲವು ಮನೆಗಳ ಮೆಟ್ಟಿಲು ಹತ್ತಿದ್ದೇನೆ. ವ್ಯವಸ್ಥೆ ಇದ್ದಲ್ಲಿಯೇ ಇದೆ ಎಂದು ದೂರುವುದು ನ್ಯಾಯವಲ್ಲ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನಗಳ ಪ್ರಕಾರ, ಜಾಮೀನು ಸಿಕ್ಕಿ ಏಳು ದಿನಗಳಾದರೂ ಬಿಡುಗಡೆಯಾಗದವರ ವಿಷಯವನ್ನು ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳೊಳಗೆ ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯವೇ ಷರತ್ತನ್ನು ಸಡಿಲಿಸುವ ವಿಚಾರವನ್ನು ಕೈಗೆತ್ತಿಕೊಳ್ಳಬಹುದು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗಾಗಿ ತಂದ ಯೋಜನೆಯಲ್ಲಿ ವಿಚಾರಣಾಧೀನರ ಜಾಮೀನಿಗೆ 40 ಸಾವಿರದವರೆಗೆ, ದಂಡ ಕಟ್ಟಲಾಗದ ಶಿಕ್ಷಿತರಿಗೆ 25 ಸಾವಿರದವರೆಗೆ ನೆರವು ಕೊಡುವ ಅವಕಾಶ ಇಡಲಾಗಿತ್ತು. ಇವೆಲ್ಲ ಆಗ ಇದ್ದಿದ್ದರೆ ಆ ತಾಯಿ ಮಳೆಯಲ್ಲಿ ನಮ್ಮ ಮನೆಯವರೆಗೆ ಬರಬೇಕಾಗಿರಲಿಲ್ಲವೋ ಏನೋ. ಆದರೆ ಹುಡುಗ ಜೈಲಿನಿಂದ ಹೊರಬಂದ ಮರುದಿನ ಎದುರಾದ ಸಮಸ್ಯೆಗೆ ಯಾವ ಸುತ್ತೋಲೆಯಲ್ಲಿಯೂ ಪರಿಹಾರವಿರಲಿಲ್ಲ.

ಪ್ರಕರಣ ನಡೆದದ್ದು ಹಳೆಯ ದಂಡ ಸಂಹಿತೆಯ ಅಡಿಯಲ್ಲಿ. ನೌಕರನು ಧಣಿಯ ಸೊತ್ತು ಕದ್ದರೆ ಏಳು ವರ್ಷಗಳವರೆಗೆ ಸಜೆ. ರಾಜಿಗೆ ಧಣಿ ಒಪ್ಪಿರಲಿಲ್ಲ. ಇವನಿಗೆ ಬಿಟ್ಟುಕೊಟ್ಟರೆ ನಾಳೆ ಉಳಿದ ಕೆಲಸದವರಿಗೆ ಏನು ಹೇಳುವುದು ಎಂಬುದು ಅವರ ವಾದ, ಅದರಲ್ಲಿ ಹುರುಳಿತ್ತು. ಹುಡುಗ ತಪ್ಪೊಪ್ಪಿಕೊಂಡ. 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ 6ನೆಯ ಕಲಮಿನ ಪ್ರಕಾರ, 21 ವರ್ಷ ತುಂಬದವರನ್ನು ಜೈಲಿಗೆ ಕಳುಹಿಸುವ ಮೊದಲು ನ್ಯಾಯಾಲಯವು ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳಬೇಕು. ಜೈಲೇ ಸರಿ ಎಂದು ತೀರ್ಮಾನಿಸಿದರೆ ಅದಕ್ಕೆ ಕಾರಣವನ್ನು ಬರೆಯಬೇಕು. ವರದಿಗಾಗಿ ಬಂದ ಅಧಿಕಾರಿ ಒಳ್ಳೆಯವರೇ. ಆದರೆ ಅವರು ಹುಡುಗನ ನಡತೆಯ ಬಗ್ಗೆ ಅಕ್ಕಪಕ್ಕದ ನಾಲ್ಕು ಮನೆಗಳಲ್ಲಿ ವಿಚಾರಿಸಿ ಹೋದ ಮೇಲೆ, ಅಲ್ಲಿಯವರೆಗೆ ಸಂಗತಿ ತಿಳಿಯದಿದ್ದ ಮೂರು ಮನೆಗಳಿಗೂ ತಿಳಿಯಿತು. ನ್ಯಾಯಾಲಯ ಅವನನ್ನು ಜೈಲಿಗೆ ಕಳುಹಿಸದೆ, ಅಧಿಕಾರಿಯ ಉಸ್ತುವಾರಿಯಲ್ಲಿ ಒಂದೂವರೆ ವರ್ಷದ ಪರಿವೀಕ್ಷಣೆಯ ಮೇಲೆ ಬಿಟ್ಟು, ಧಣಿಗೆ ನಷ್ಟ ಕಟ್ಟಿಕೊಡಬೇಕೆಂದು ಆದೇಶಿಸಿತು. ಕಟ್ಟಿಕೊಡಬೇಕಾದರೆ ಸಂಪಾದನೆ ಬೇಕು, ಸಂಪಾದನೆಗೆ ಕೆಲಸ ಬೇಕು, ಕೆಲಸ ಕೊಡುವವರು ಮೊದಲು ಕೇಳುವುದೇ, ಹಿಂದಿನ ಕೆಲಸ ಯಾಕೆ ಬಿಟ್ಟೆ ಎಂದು.

ಕಂತಿನಲ್ಲಿ ಹಣ ತೆಗೆದುಕೊಳ್ಳುತ್ತೀರಾ ಎಂದು ಕೇಳಲು ನಾನು ಧಣಿಯ ಅಂಗಡಿಗೆ ಹೋದೆ. ಅವರು ನನ್ನನ್ನು ಒಮ್ಮೆ, ಗಡಿಯಾರವನ್ನು ಒಮ್ಮೆ ನೋಡಿ, “ಅವನನ್ನೂ ಅವನ ಅಮ್ಮನನ್ನೂ ಕರೆದುಕೊಂಡು ಬನ್ನಿ, ನನಗೆ ಒಂದು ಮಾತು ಕೇಳಲಿಕ್ಕುಂಟು” ಎಂದರು. ಮರುದಿನ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬ್ಯಾಡಗಿ ಮೆಣಸಿನ ಗೋಣಿಗಳ ನಡುವೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದರು. ಮೆಣಸಿನ ಘಾಟಿಗೆ ಎಲ್ಲರೂ ಕೆಮ್ಮುತ್ತಿದ್ದೆವು. ಯಾರ ಕಣ್ಣು ಅಳುವಿನಿಂದ ಕೆಂಪಾಗಿದೆ, ಯಾರದು ಮೆಣಸಿನಿಂದ ಎಂದು ಹೇಳುವಂತಿರಲಿಲ್ಲ. ಮಾತು ನಡೆದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಹಣ ಹೋದದ್ದು ಹೋಯಿತು,” ಎಂದರು ಧಣಿ. “ನಾನು ಮೊದಲು ಸಂಶಯಪಟ್ಟದ್ದು ಇವನನ್ನು ಅಲ್ಲ ಮಾಷ್ಟ್ರೇ, ಹದಿನೆಂಟು ವರ್ಷ ನನ್ನಲ್ಲಿ ತೂಕಕ್ಕೆ ನಿಂತ ಮನುಷ್ಯನನ್ನು. ಎಲ್ಲರ ಎದುರು ಅವನ ಕಿಸೆ ನೋಡಿದೆ. ಮರುದಿನದಿಂದ ಅವನು ಬರಲಿಲ್ಲ. ಕಿಸೆ ನೋಡುವಾಗ ಇವನು ಅಲ್ಲೇ, ಆ ತಕ್ಕಡಿಯ ಹತ್ತಿರ, ನಿಂತಿದ್ದ.” ಆಮೇಲೆ ಹುಡುಗನ ಕಡೆ ತಿರುಗಿ, “ನಿನಗೆ ಗೊತ್ತಿತ್ತಲ್ಲ?” ಎಂದು ಕೇಳಿದರು. ಹುಡುಗ ಬಹಳ ಹೊತ್ತು ಸುಮ್ಮನಿದ್ದು, “ಗೊತ್ತಿತ್ತು ಧಣಿ” ಎಂದ.

ನಾನು ಆ ಪ್ರಕರಣದ ಕಾಗದಗಳನ್ನು ಮೊದಲಿಂದ ಕೊನೆಯವರೆಗೆ ಓದಿದ್ದೆ. ದೂರುದಾರರ ಹೆಸರು, ಆರೋಪಿಯ ಹೆಸರು, 14 ಸಾವಿರ ಎಂಬ ಅಂಕಿ, ಸ್ಥಳ ಮಹಜರು ಎಲ್ಲ ಅದರಲ್ಲಿದ್ದವು. ತೂಕದವರ ಹೆಸರು ಎಲ್ಲಿಯೂ ಇರಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅವರು ಸಾಕ್ಷಿಯೂ ಅಲ್ಲ, ಸಂತ್ರಸ್ತರೂ ಅಲ್ಲ. ಆದರೆ ಆ ಅಂಗಡಿಯಲ್ಲಿ ನಡೆದ ಅಪರಾಧದಿಂದ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು ಅವರೇ, ಮತ್ತು ಆ ನಷ್ಟದಲ್ಲಿ ಅರ್ಧ ಪಾಲು ಧಣಿಯದೇ. ಇದು ಧಣಿಗೂ ಗೊತ್ತಿತ್ತು. ಹಾಗಾಗಿಯೇ ಅವರು ಈ ಮಾತನ್ನು ನ್ಯಾಯಾಲಯದಲ್ಲಿ ಹೇಳದೆ ಮೆಣಸಿನ ಗೋಣಿಗಳ ನಡುವೆ ಹೇಳಿದರು ಎಂದು ನಾನು ತಿಳಿದುಕೊಂಡಿದ್ದೇನೆ.

ಮುಂದಿನ ಭಾನುವಾರ ನಾವು ಮೂವರು, ಧಣಿ, ಹುಡುಗ ಮತ್ತು ನಾನು, ತೊಕ್ಕೊಟ್ಟಿನ ಆಚೆ ಇರುವ ತೂಕದವರ ಮನೆಗೆ ಹೋದೆವು. ಅವರ ಹೆಂಡತಿ ವಾಡಿಕೆಯಂತೆ ಬೆಲ್ಲ ಮತ್ತು ನೀರು ತಂದಿಟ್ಟರು, ಯಾರೂ ಮುಟ್ಟಲಿಲ್ಲ. ಹುಡುಗ ಎದ್ದು ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ, ತಾನು ತೆಗೆದದ್ದನ್ನೂ ನೋಡಿಯೂ ಸುಮ್ಮನಿದ್ದದ್ದನ್ನೂ ಹೇಳಿದ. ತೂಕದವರು ಎಲ್ಲ ಕೇಳಿ, “ನೀನು ಬಂದದ್ದು ಒಳ್ಳೆಯದಾಯಿತು. ಆದರೆ ನನ್ನ ಮಗಳಿಗೆ ಶಾಲೆಯಲ್ಲಿ ಹೇಳಿದವರ ಮನೆಗೆಲ್ಲ ಯಾರು ಹೋಗಿ ಹೇಳುವುದು?” ಎಂದರು. ಧಣಿಯ ಮುಖವನ್ನು ಅವರು ಒಮ್ಮೆಯೂ ನೋಡಲಿಲ್ಲ, ಮತ್ತೆ ಅಂಗಡಿಗೂ ಹೋಗಲಿಲ್ಲ. ಹೊರಡುವಾಗ ಮಾತ್ರ ಹುಡುಗನಿಗೆ, ಬೆಲ್ಲ ತಿಂದು ನೀರು ಕುಡಿದು ಹೋಗು ಎಂದು ಹೇಳಿದರು.

ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾ ಎಂಬ ಊರಿನಲ್ಲಿ 1974ರಲ್ಲಿ ಇಬ್ಬರು ಯುವಕರು ಒಂದೇ ರಾತ್ರಿಯಲ್ಲಿ 22 ಕಡೆ ಸೊತ್ತುಗಳಿಗೆ ಹಾನಿ ಮಾಡಿದಾಗ, ಪರಿವೀಕ್ಷಣಾಧಿಕಾರಿಯೊಬ್ಬರ ಸಲಹೆಯ ಮೇರೆಗೆ ನ್ಯಾಯಾಧೀಶರು ಅವರನ್ನು ಆ ಮನೆಗಳ ಬಾಗಿಲಿಗೆ ಕಳುಹಿಸಿದರು. ಶಿಕ್ಷೆಗಿಂತ ಆದ ಹಾನಿಯನ್ನು ಸರಿಪಡಿಸುವುದಕ್ಕೆ ಒತ್ತು ಕೊಡುವ ಪುನಃಸ್ಥಾಪಕ ನ್ಯಾಯದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅಲ್ಲಿಂದ ಆರಂಭಿಸುತ್ತಾರೆ. ಇದನ್ನು ನಾನು ಓದಿ ತಿಳಿದದ್ದು ಆಮೇಲೆ. ತೊಕ್ಕೊಟ್ಟಿಗೆ ಹೋಗುವಾಗ ನನ್ನ ತಲೆಯಲ್ಲಿದ್ದದ್ದು ಕೆನಡಾ ಅಲ್ಲ, ತಪ್ಪುಕಾಣಿಕೆ. ನಮ್ಮ ಕಡೆಯ ದೈವಸ್ಥಾನಗಳಲ್ಲಿ ತಪ್ಪಿದವನು ದೈವದ ಮುಂದೆ ನಿಂತು ತಪ್ಪೊಪ್ಪಿಕೊಂಡು, ತಪ್ಪುಕಾಣಿಕೆ ಹಾಕಿ, ಗಂಧಪ್ರಸಾದ ತೆಗೆದುಕೊಂಡ ಮೇಲೆ ಆ ವಿಷಯ ಅಲ್ಲಿಗೆ ಮುಗಿಯುತ್ತದೆ. ಆ ಬಳಿಕ ಅದನ್ನು ಎತ್ತಿ ಆಡಿದವನೇ ತಪ್ಪಿತಸ್ಥನಾಗುತ್ತಾನೆ. ಶಿಕ್ಷೆಗೆ ಒಂದು ಕೊನೆಯ ದಿನ ಇದೆ, ಆ ದಿನವನ್ನು ಊರೆಲ್ಲ ನೋಡಿರುತ್ತದೆ. ನ್ಯಾಯಾಲಯದ ಶಿಕ್ಷೆಗೂ ಕೊನೆಯ ದಿನವಿದೆ, ಆದರೆ ಅದು ಜೈಲಿನ ರಿಜಿಸ್ಟರಿನಲ್ಲಿ ಮಾತ್ರ ಬರೆದಿರುತ್ತದೆ, ಊರಿಗೆ ಅದರ ಸುದ್ದಿ ತಲುಪುವುದೇ ಇಲ್ಲ. ಬಂಧನವಾದಾಗ ಫೋಟೋ ಸಹಿತ ಹಾಕಿದ ಪತ್ರಿಕೆಗಳು ಪರಿವೀಕ್ಷಣೆಯ ಅವಧಿ ಮುಗಿದಾಗ ಒಂದು ಸಾಲನ್ನೂ ಹಾಕುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಹಳೆಯದೆಲ್ಲ ಬಂಗಾರವಾಗಿತ್ತು ಎಂದು ಯಾರೂ ಭಾವಿಸಬಾರದು. ಗುತ್ತಿನ, ಅಂದರೆ ಊರಿನ ಭೂಮಾಲೀಕ ಮನೆತನದ, ಚಾವಡಿಯ ಪಂಚಾತಿಕೆಯಲ್ಲಿ ಯಾರು ಮೇಲೆ ಕುಳಿತಿರುತ್ತಿದ್ದರು, ಯಾರು ಅಂಗಳದಲ್ಲಿ ಕೈಕಟ್ಟಿ ನಿಂತಿರುತ್ತಿದ್ದರು ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಜಾತಿ ಮತ್ತು ಭೂಮಿ ಇಲ್ಲದವನಿಗೆ ಅಲ್ಲಿ ಸಿಗುತ್ತಿದ್ದದ್ದು ನ್ಯಾಯವಲ್ಲ, ತೀರ್ಪು. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯವನ್ನು ‘ಊರಿನ ಮರ್ಯಾದೆ’ಯ ಹೆಸರಿನಲ್ಲಿ ಮಾತುಕತೆ ಮಾಡಿ ಮುಗಿಸುವುದನ್ನು ನಾನು ಇಂದಿಗೂ ಕಾಣುತ್ತಿದ್ದೇನೆ, ಅಂಥ ಕಡೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕುಳಿತುಕೊಳ್ಳಲು ನಾನು ಒಪ್ಪುವುದಿಲ್ಲ. ಇನ್ನು ಮಂಗಳೂರಿನಲ್ಲಿ ‘ಸಾರ್ವಜನಿಕರ ಪಾಲ್ಗೊಳ್ಳುವಿಕೆ’ ಎಂಬ ಮಾತು ಕೇಳಿದರೆ ಬೆಚ್ಚಿಬೀಳುವವರಿದ್ದರೆ ಅದಕ್ಕೆ ಕಾರಣ ಇದೆ. 2009ರ ಪಬ್ ದಾಳಿ ಮತ್ತು 2012ರ ಹೋಂಸ್ಟೇ ದಾಳಿಯನ್ನು ದೇಶವೆಲ್ಲ ದೂರದರ್ಶನದಲ್ಲಿ ನೋಡಿದೆ. ಗುಂಪು ಸೇರಿ ಅಡ್ಡಗಟ್ಟುವುದಕ್ಕೆ ನಮ್ಮಲ್ಲಿ ಜನ ಬೇಗ ಸಿಗುತ್ತಾರೆ, ಒಬ್ಬನ ಪರವಾಗಿ ಆರ್‌ಟಿಸಿ ಹಿಡಿದು ಕೋರ್ಟಿಗೆ ಬರುವುದಕ್ಕೆ ಸಿಗುವುದಿಲ್ಲ. ಮೊದಲನೆಯದರಲ್ಲಿ ಅರ್ಧ ಗಂಟೆಯ ಆವೇಶ ಸಾಕಾಗುತ್ತದೆ. ಎರಡನೆಯದಕ್ಕೆ ಒಂದು ದಿನದ ಕೆಲಸ ಬಿಟ್ಟು, ಉದ್ದ ಸಾಲಿನಲ್ಲಿ ನಿಂತು, ತನ್ನ ಹೆಸರನ್ನು ಇನ್ನೊಬ್ಬನ ಹೆಸರಿನ ಕೆಳಗೆ ಬರೆಯಬೇಕಾಗುತ್ತದೆ.

ಈ ಎರಡನೆಯ ಬಗೆಯ ಕೆಲಸವನ್ನು ಒಂದು ಪದ್ಧತಿಯಾಗಿ ಮಾಡಿಕೊಂಡ ದೇಶ ಜಪಾನ್. 1888ರಲ್ಲಿ ಶಿಜುವೊಕಾದಲ್ಲಿ ಕಿನ್ಪಾರಾ ಮೇಜೆನ್ ಎಂಬ ಉದ್ಯಮಿ ಜೈಲಿನಿಂದ ಬಿಡುಗಡೆಯಾದವರಿಗೆ ಆಸರೆ ಕೊಡುವ ಸಂಸ್ಥೆಯನ್ನು ಕಟ್ಟಿದರು. ತಿದ್ದಿಕೊಂಡು ಊರಿಗೆ ಮರಳಿದ ಕೈದಿಯೊಬ್ಬನನ್ನು ಯಾರೂ ಮನೆಗೆ ಸೇರಿಸದೆ ಅವನು ಪ್ರಾಣ ಕಳೆದುಕೊಂಡದ್ದು ಅದಕ್ಕೆ ಪ್ರೇರಣೆ ಎಂದು ಹೇಳುತ್ತಾರೆ. 1950ರಲ್ಲಿ ಅಲ್ಲಿ ಇದಕ್ಕಾಗಿಯೇ ಕಾಯ್ದೆ ಬಂತು. ‘ಹೊಗೋಶಿ’ ಎಂದು ಕರೆಯಲಾಗುವ 40 ಸಾವಿರಕ್ಕಿಂತ ಹೆಚ್ಚು ಸ್ವಯಂಸೇವಕರು, ಹೆಚ್ಚಿನವರು ನನ್ನಂಥ ನಿವೃತ್ತ ವಯಸ್ಸಿನವರು, ಸಂಬಳವಿಲ್ಲದೆ, ಪರಿವೀಕ್ಷಣೆಯಲ್ಲಿರುವವರನ್ನು ತಿಂಗಳಿಗೆ ಒಂದೆರಡು ಸಲ ಹಲವು ವೇಳೆ ತಮ್ಮ ಮನೆಗೇ ಕರೆದು ಚಹಾ ಕೊಟ್ಟು ಮಾತನಾಡಿಸುತ್ತಾರೆ, ಕೆಲಸ ಹುಡುಕಿಕೊಡುತ್ತಾರೆ. ಇದರಲ್ಲಿ ಅಪಾಯವಿಲ್ಲ ಎಂದಲ್ಲ. 2024ರ ಮೇ ತಿಂಗಳಲ್ಲಿ ಓತ್ಸು ನಗರದ ಒಬ್ಬ ಹೊಗೋಶಿ ತನ್ನ ಮನೆಯಲ್ಲೇ ಕೊಲೆಯಾದರು, ಬಂಧನಕ್ಕೊಳಗಾದವನು ಅವರ ಉಸ್ತುವಾರಿಯಲ್ಲಿದ್ದವನೇ.

ನಮ್ಮ ಕಾನೂನಿನಲ್ಲಿ ಇಂಥ ಬಾಗಿಲು ಇಲ್ಲ ಎಂದುಕೊಂಡಿದ್ದೆ. ಇದೆ. 1958ರ ಕಾಯ್ದೆಯ 13ನೆಯ ಕಲಮನ್ನು ನಿಧಾನವಾಗಿ ಓದಿದರೆ, ಸರ್ಕಾರ ನೇಮಿಸಿದ ಅಧಿಕಾರಿ ಮಾತ್ರವಲ್ಲ, ಸರ್ಕಾರ ಮಾನ್ಯ ಮಾಡಿದ ಸಂಘವೊಂದು ಒದಗಿಸುವ ವ್ಯಕ್ತಿಯೂ, ವಿಶೇಷ ಸಂದರ್ಭದಲ್ಲಿ ನ್ಯಾಯಾಲಯಕ್ಕೆ ಯೋಗ್ಯನೆಂದು ಕಂಡ ಬೇರೆ ಯಾರೇ ಆದರೂ ಪರಿವೀಕ್ಷಣಾಧಿಕಾರಿಯಾಗಿ ಕೆಲಸ ಮಾಡಬಹುದು ಎಂದಿದೆ. ಯುವಕ ಮಂಡಲ, ಮಹಿಳಾ ಮಂಡಲ, ಸಹಕಾರಿ ಸಂಘ, ಭಜನಾ ಮಂಡಳಿ ಎಂದು ಮೂಲೆಗೊಂದು ಸಂಘ ಇರುವ ದಕ್ಷಿಣ ಕನ್ನಡ, ಉಡುಪಿ ಎಂಬ ಈ ಅವಳಿ ಜಿಲ್ಲೆಗಳಲ್ಲಿ ಆ ಕಲಮನ್ನು ಹಿಡಿದು ನ್ಯಾಯಾಧೀಶರ ಮುಂದೆ ಹೋದ ಒಂದು ಸಂಘವನ್ನೂ ನಾನು ಈವರೆಗೆ ಭೇಟಿಯಾಗಿಲ್ಲ. ಅದೇ ಕಾಯ್ದೆಯಲ್ಲಿ, ಬಾಂಡಿನ ಷರತ್ತನ್ನು ಮೊದಲ ಸಲ ಮುರಿದವನಿಗೆ ವಿಧಿಸಬಹುದಾದ ದಂಡ ಇಂದಿಗೂ 50 ರೂಪಾಯಿಗೆ ಮೀರುವಂತಿಲ್ಲ. ಎಷ್ಟು ಕಾಲದಿಂದ ಅದನ್ನು ಯಾರೂ ತೆರೆದು ನೋಡಿಲ್ಲ ಎಂಬುದಕ್ಕೆ ಆ 50 ರೂಪಾಯಿಯೇ ಸಾಕ್ಷಿ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಸಮುದಾಯ ಸೇವೆಯನ್ನು ಮೊದಲ ಬಾರಿಗೆ ಶಿಕ್ಷೆಗಳ ಪಟ್ಟಿಗೆ ಸೇರಿಸಿದೆ. 5 ಸಾವಿರಕ್ಕಿಂತ ಕಡಿಮೆ ಬೆಲೆಯ ಸೊತ್ತಿನ ಕಳವು, ಅದೂ ಮೊದಲ ಸಲ ಶಿಕ್ಷೆಗೊಳಗಾದವನು ಸೊತ್ತನ್ನು ಹಿಂದಿರುಗಿಸಿದರೆ, ಕುಡಿದು ಸಾರ್ವಜನಿಕ ಸ್ಥಳದಲ್ಲಿ ಗಲಾಟೆ, ಮಾನಹಾನಿ, ಹೀಗೆ ಆರು ಬಗೆಯ ಅಪರಾಧಗಳಿಗೆ ಅದು ಅನ್ವಯಿಸುತ್ತದೆ. ನನ್ನ ವಿದ್ಯಾರ್ಥಿ ಇಂದು ಅದೇ ತಪ್ಪು ಮಾಡಿದ್ದರೂ ಅವನಿಗೆ ಇದು ಸಿಗುತ್ತಿರಲಿಲ್ಲ, ನೌಕರನ ಕಳ್ಳತನ ಆ ಪಟ್ಟಿಯಲ್ಲಿಲ್ಲ. ಸಂಹಿತೆಯಲ್ಲಿ ಎಷ್ಟು ತಾಸು ಎಂದಿಲ್ಲ, ಹಾಜರಿ ಹಾಕುವವರು ಯಾರು ಎಂದೂ ಇಲ್ಲ. ಪಣಂಬೂರು ಕಡಲತೀರದಲ್ಲಿ ಪೊರಕೆ ಕೊಟ್ಟು ನಿಲ್ಲಿಸಿ ಅದರ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದರೆ ಅದು ಸೇವೆಯಲ್ಲ, ಹಳೆಯ ಕಾಲದ ಮೆರವಣಿಗೆ. ಆಸ್ಪತ್ರೆಯಲ್ಲಿ ರೋಗಿಯ ಗಾಡಿ ತಳ್ಳುವಾಗ ಪಕ್ಕದಲ್ಲಿರುವ ದಾದಿಗೆ ಮಾತ್ರ ಅವನು ಯಾರೆಂದು ಗೊತ್ತಿದ್ದರೆ ಸಾಕು.

ಸೋತದ್ದನ್ನೂ ಹೇಳಬೇಕು. ಮೂರು ವರ್ಷಗಳ ಹಿಂದೆ ಇನ್ನೊಬ್ಬನಿಗೆ, ಗಾಂಜಾ ಚಟ ಬಿಡಿಸಿಕೊಂಡು ಬಂದವನಿಗೆ, ಪರಿಚಯದವರ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಡಿಸಿದ್ದೆ. ನಾಲ್ಕನೆಯ ತಿಂಗಳಿನಲ್ಲಿ ಅವನು ಆ ಮನೆಯ ಎರಡು ಮೊಬೈಲ್ ಮತ್ತು ಅಜ್ಜಿಯ ಕಿವಿಯೋಲೆಯೊಂದಿಗೆ ಹೋದವನು ಮರಳಲಿಲ್ಲ. ಆ ಅಜ್ಜಿ ನನ್ನೊಡನೆ ಈಗಲೂ ಮಾತನಾಡುತ್ತಾರೆ, ಅವರ ಮಗ ಮಾತನಾಡುವುದಿಲ್ಲ. ಸಂಘಟಿತ ಗ್ಯಾಂಗುಗಳಲ್ಲಿರುವವರ ಹತ್ತಿರ ನನ್ನಂಥವರ ಮಾತು ನಡೆಯುವುದಿಲ್ಲ ಎಂಬುದೂ ಅನುಭವದಿಂದ ತಿಳಿದಿದೆ. ಅಲ್ಲಿ ಪೊಲೀಸರು ಬೇಕು. ಆದರೆ ಹತ್ತು ವರ್ಷಗಳಿಂದ ಒಂದೂ ಪ್ರಕರಣವಿಲ್ಲದೆ ಆಟೋ ಓಡಿಸಿಕೊಂಡಿರುವವನನ್ನು ರೌಡಿ ಪರೇಡಿಗೆ ಕರೆದು ಸಾಲಿನಲ್ಲಿ ನಿಲ್ಲಿಸಿದಾಗ, ಅವನ ಮಕ್ಕಳು ಅದನ್ನು ಮೊಬೈಲಿನಲ್ಲಿ ನೋಡಿದಾಗ, ಯಾವ ಅಪರಾಧ ತಪ್ಪಿತು ಎಂದು ಕೇಳಬೇಕೆನಿಸುತ್ತದೆ.

ಉಡುಪಿಯ ಜೈಲು ಈಗ ಹಿರಿಯಡ್ಕದ ಕಾಜರಗುತ್ತುವಿನಲ್ಲಿದೆ, ಮಂಗಳೂರಿಗೆ ಮುಡಿಪುವಿನಲ್ಲಿ ಹೊಸದು ಕಟ್ಟಲಾಗುತ್ತಿದೆ. ಕೊಡಿಯಾಲಬೈಲಿನ ಇಕ್ಕಟ್ಟು ನೋಡಿದವರಿಗೆ ಅದು ಬೇಕೇ ಬೇಕು ಎಂದು ಅರ್ಥವಾಗುತ್ತದೆ. ಆದರೂ ಕಾಲೇಜುಗಳ ಪಕ್ಕದಲ್ಲಿ, ಬಸ್ಸಿನ ಕಿಟಕಿಯಿಂದ ದಿನವೂ ಕಾಣುತ್ತಿದ್ದ ಆ ಗೋಡೆ ಊರಿನಿಂದ ದೂರ ಹೋದರೆ, ಒಳಗಿರುವವರು ಮತ್ತೆ ಇಲ್ಲಿಗೇ ಬರುವವರು ಎಂಬ ನೆನಪೂ ಅದರ ಜೊತೆ ಹೋಗಬಹುದು.

ಹುಡುಗ ತಿಂಗಳಿಗೆ ಒಂದು ಸಾವಿರದಂತೆ ಹದಿನಾಲ್ಕು ತಿಂಗಳು ಕಟ್ಟಿದ. ಧಣಿ ಅವನನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ, ಆದರೆ ಮೀನುಗಾರಿಕಾ ದಕ್ಕೆಯ ಒಂದು ಐಸ್ ಪ್ಲಾಂಟಿನವರಿಗೆ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆಯೇ ಹೇಳಿ, ಕೆಲಸ ಕೊಡಿಸಿದರು. ಕೊನೆಯ ಕಂತಿನ ದಿನ ಅಂಗಡಿಯ ಬಿಲ್ಲಿನ ಹಾಳೆಯ ಮೇಲೆ ‘ಬಾಕಿ ಇಲ್ಲ’ ಎಂದು ಬರೆದು ಸಹಿ ಹಾಕಿ ಕೊಟ್ಟರು. ಆ ಹಾಳೆಯನ್ನು ಅವನು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದಾನೆ.

ಕಳೆದ ತಿಂಗಳು ಅವನು ಅದನ್ನು ಹಿಡಿದುಕೊಂಡೇ ಬಂದಿದ್ದ. ಗಲ್ಫಿನ ಒಂದು ಶೀತಲೀಕರಣ ಕಂಪನಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾನೆ. ಅರ್ಜಿಯ ಎರಡನೆಯ ಪುಟದಲ್ಲಿ, ನೀವು ಎಂದಾದರೂ ಅಪರಾಧಕ್ಕಾಗಿ ದೋಷಿ ಎಂದು ತೀರ್ಮಾನವಾಗಿದ್ದೀರಾ ಎಂಬ ಪ್ರಶ್ನೆ, ಅದರ ಮುಂದೆ ಹೌದು, ಇಲ್ಲ ಎಂಬ ಎರಡು ಚೌಕಗಳು. ಪರಿವೀಕ್ಷಣೆಯ ಮೇಲೆ ಬಿಡುಗಡೆಯಾದವನಿಗೆ ಆ ತೀರ್ಮಾನದಿಂದ ಯಾವ ಅನರ್ಹತೆಯೂ ತಗಲದು ಎಂದು 1958ರ ಕಾಯ್ದೆಯ 12ನೆಯ ಕಲಮು ಹೇಳುತ್ತದೆ ಎಂದು ನಾನು ವಿವರಿಸಿದೆ. ಅವನು ಕೇಳಿಸಿಕೊಂಡು, “ಅದು ಸರಿ ಸರ್, ಆದರೆ ಇಲ್ಲಿ ಯಾವುದಕ್ಕೆ ಟಿಕ್ ಹಾಕುವುದು?” ಎಂದ. ವಕೀಲರನ್ನು ಕೇಳಿ, ‘ಹೌದು’ಗೆ ಗುರುತು ಹಾಕಿ, ಆದೇಶದ ದೃಢೀಕೃತ ಪ್ರತಿಯನ್ನೂ ಅದರ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಿದೆವು. ಲ್ಯಾಮಿನೇಷನ್ ಮಾಡಿದ ಹಾಳೆಯ ಜೆರಾಕ್ಸ್ ಕೂಡ ಇರಲಿ ಎಂದು ಅವನೇ ಹಟ ಹಿಡಿದ. ಅದು ಕನ್ನಡದಲ್ಲಿದೆ, ಅಲ್ಲಿ ಯಾರಿಗೂ ಓದಲು ಬರುವುದಿಲ್ಲ ಎಂದರೂ ಕೇಳಲಿಲ್ಲ. ಅದನ್ನೇ ಎಲ್ಲಕ್ಕಿಂತ ಮೇಲಿಟ್ಟು ಪಿನ್ ಹೊಡೆದ.